ನಾನು ಒರೆಸಿದ ಗೆರೆ

ದೊಡ್ಡಮ್ಮನ ಬಲಗೈ ಉಗುರುಗಳ ಸಂದಿಯಲ್ಲಿ ಅಕ್ಕಿಹಿಟ್ಟಿನ ಬಿಳುಪು ಯಾವಾಗಲೂ ಒಣಗಿಕೊಂಡಿರುತ್ತಿತ್ತು. ತಾಳಗುಪ್ಪದ ಸುತ್ತಮುತ್ತ ಮದುವೆಯೆಂದರೆ ಗೋಡೆಗೆ ಹಸೆ ಚಿತ್ತಾರ ಬರೆಯಲು ಅವಳೇ ಬರಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ನಾರಿನ ಕುಂಚದಲ್ಲಿ ಅವಳು ಎಳೆದ ಗೆರೆ, ದಾರ ಕಟ್ಟಿ ಬಿಗಿದಷ್ಟು ನೇರ. ನನಗೆ ಕುಂಚ ಹಿಡಿಯಲು ಕಲಿಸಿದವಳೂ ಅವಳೇ. "ಉಸಿರು ಬಿಡ್ಬೇಡ ಕಣೆ, ಗೆರೆ ಮುಗ್ದ ಮೇಲೆ ಬಿಡು" ಎನ್ನುತ್ತಿದ್ದಳು.

ಅವಳಿಗೆ ಸಕ್ಕರೆ ಕಾಯಿಲೆ. ಎರಡೂ ಕಣ್ಣಿಗೆ ಪೊರೆ ಬಂದು, ಮೊದಲು ಬಲಗಣ್ಣಿಗೆ ಸಾಗರದಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ನನ್ನನ್ನು ನೋಡಿ, "ಅಯ್ಯೋ, ನಿಂಗೆ ಇಷ್ಟೊಂದು ಬಿಳಿ ಕೂದ್ಲಾ!" ಎಂದು ನಕ್ಕಳು. ಡಾಕ್ಟರು ನಗಲಿಲ್ಲ. "ಪೊರೆ ತೆಗ್ದಿದ್ದೀವಿ ಅಷ್ಟೇ. ಸಕ್ಕರೆ ಇರೋರಿಗೆ ಆಪರೇಷನ್ ಆದ್ಮೇಲೆ ಕಣ್ಣಿನ ಹಿಂದಿನ ಪರದೆ ಊದ್ಕೋಬಹುದು. ತಿಂಗಳಿಗೆ ಬಂದು ತೋರಿಸ್ಲೇಬೇಕು" ಎಂದರು. ತಿಂಗಳು ತುಂಬುವಾಗ ಮದುವೆಗಳ ಭರಾಟೆ. ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ನಾವು ಹೋಗಲೇ ಇಲ್ಲ.

ಒಂದು ಮದುವೆ ಮನೆಯಲ್ಲಿ ನಾನೆಳೆದ ಗೆರೆ ನೋಡಿ ರೇಗಿದಳು. "ಎಂತದೇ ಇದು, ಹಾವು ಹರ್ದಂಗೆ ಐತೆ! ಒರ್ಸು."

ಗೆರೆ ನೆಟ್ಟಗೇ ಇತ್ತು. ಕಲಿಸಿದವಳಿಗೆ ಎದುರಾಡುವುದುಂಟೇ? ಒರೆಸಿ ಮತ್ತೆ ಬರೆದೆ. ಅದೂ ಸೊಟ್ಟ ಎಂದಳು. ಎರಡು ತಿಂಗಳು ಹೀಗೇ ಬೈಸಿಕೊಂಡು, ಒರೆಸಿಕೊಂಡು ಕಳೆದೆ. ಕೊನೆಗೆ ಒಂದು ಬೆಳಗ್ಗೆ ತಾನು ಬರೆದದ್ದನ್ನೇ ಒರೆಸತೊಡಗಿದಳು. ಹೆದರಿ ಅವಳನ್ನು ಸಾಗರಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ಚೌಕುಳಿ ಗೆರೆಗಳಿದ್ದ ಕಾರ್ಡೊಂದನ್ನು ಅವಳ ಮುಂದೆ ಹಿಡಿದರು.

"ಇದ್ನ ಬರ್ದೋರ ಕೈ ನಡುಗ್ತಿತ್ತಾ ಸಾರ್?" ಎಂದಳು ದೊಡ್ಡಮ್ಮ. ಅಚ್ಚಾದ ಗೆರೆಗಳವು.

ಪರದೆ ಊದಿಕೊಂಡಿದೆ, ಅದಕ್ಕೇ ನೇರ ಗೆರೆ ಸೊಟ್ಟಗೆ ಕಾಣುತ್ತಿದೆ ಎಂದು ಡಾಕ್ಟರು ಇಂಜೆಕ್ಷನ್ ಕೊಟ್ಟರು. ಊತ ಇಳಿಯಿತು. ತಡವಾಗಿತ್ತು, ಆ ಕಣ್ಣಿಗೆ ನೇರ ಗೆರೆ ಮತ್ತೆಂದೂ ನೇರ ಕಾಣಲಿಲ್ಲ.

ಕಾರ್ಡು ತೋರಿಸಿದ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು, "ಅಂದ್ರೆ, ನೀ ಬರ್ದಿದ್ದು ಸರೀನೇ ಇತ್ತಾ?"

"ಹೂಂ ದೊಡ್ಡಮ್ಮ."

"ಸರಿ ಇದ್ದ ಗೆರೆ ಒರ್ಸಿದ್ಯಲ್ಲೇ ಪಾಪಿ! ಬಾಯಿಗೇನಾಗಿತ್ತು ನಿಂಗೆ?"

ಕಣ್ಣಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಎಡಗಣ್ಣಿಗೆ ಮಾತ್ರ, ಮೊದಲು ಸಕ್ಕರೆ ಹತೋಟಿಗೆ ತಂದು, ಕಣ್ಣಿನ ಪರದೆ ಪರೀಕ್ಷೆ ಮಾಡಿಸಿ, ಆಮೇಲೆ ಆಪರೇಷನ್ ಮಾಡಿಸಿದೆವು. ಡಾಕ್ಟರು ಹೇಳಿದ ಒಂದು ದಿನವನ್ನೂ ತಪ್ಪಿಸಲಿಲ್ಲ. ಆ ಒಂದೇ ಕಣ್ಣಿನಲ್ಲಿ ಮೂರು ವರ್ಷ ಹಸೆ ಬರೆದು, ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಬಲಗಣ್ಣು ಕೆಟ್ಟಿದ್ದು ಸಕ್ಕರೆ ಕಾಯಿಲೆಯಿಂದ ಎಂದು ಮನೆಯವರೆಲ್ಲ ಹೇಳುತ್ತಾರೆ. ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಗೆರೆ ಒರೆಸಿದವಳು ನಾನು, ನನಗೆ ಗೊತ್ತು.