ನೆಲಕ್ಕೆ ಬಿಡದೆ ತಂದ ತಮ್ಮ

ಗೂಡ್ಸ್ ಆಟೊ ಬಂದು ನಿಂತಾಗ, ಮಾವಿನ ಕ್ರೇಟುಗಳ ನಡುವೆ ಒಬ್ಬರು ತಮ್ಮನನ್ನು ಮಗುವಿನಂತೆ ಎದೆಗೊರಗಿಸಿಕೊಂಡು ಕೂತಿದ್ದರು. ಗೌನಿಪಲ್ಲಿ ಕಡೆಯ ತೋಟದಲ್ಲಿ ಕಾಯಿ ಕೀಳುವಾಗ ತಮ್ಮ ಮರದಿಂದ ಬಿದ್ದಿದ್ದನಂತೆ. ಅಮ್ಮನ ಜ್ವರಕ್ಕೆಂದು ಶ್ರೀನಿವಾಸಪುರದ ಆಸ್ಪತ್ರೆಗೆ ಬಂದಿದ್ದ ನಾನು ಬಾಗಿಲಲ್ಲೇ ಇದ್ದೆ.

"ಎತ್ಬೇಡಿ, ಹಾಗೇ ಇರಿ" ಎನ್ನುತ್ತಾ ನರ್ಸ್ ಓಡಿಬಂದರು. ಕುತ್ತಿಗೆಗೆ ಪಟ್ಟಿ ಹಾಕಿ, ನಾಲ್ಕು ಜನ ಸೇರಿ, ತಲೆಯಿಂದ ಸೊಂಟದವರೆಗೆ ಎಲ್ಲೂ ಬಾಗದಂತೆ ಅವನನ್ನು ಹಲಗೆಯ ಮೇಲೆ ಮಲಗಿಸಿದರು. ಹೇಗೆ ಕರೆತಂದಿರಿ ಎಂದು ಡಾಕ್ಟರ್ ಕೇಳಿದರು.

"ನೆಲಕ್ಕೆ ಬಿಡ್ಲಿಲ್ಲ ಸಾರ್. ಎಬ್ಬಿಸಿ ಕೂರಿಸಿ ನೀರು ಕುಡಿಸ್ದೆ. ದಾರಿ ಪೂರಾ ಎದೆಗಾನಿಸ್ಕೊಂಡೇ ಬಂದೆ" ಎಂದರು ಅಣ್ಣ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಡಾಕ್ಟರ್ ತಮ್ಮನ ಅಂಗಾಲನ್ನು ಪೆನ್ನಿನಿಂದ ಗೀರಿ ನೋಡಿದರು. ಕಾಲು ಅಲುಗಲಿಲ್ಲ.

ಕೋಲಾರಕ್ಕೆ ಕರೆದೊಯ್ಯಲು ಆಂಬುಲೆನ್ಸ್ ಬರುವಷ್ಟರಲ್ಲಿ, ಬೆನ್ನಿಗೆ ಪೆಟ್ಟಾದವರನ್ನು ಎಬ್ಬಿಸಿ ಕೂರಿಸಬಾರದು ಎಂದು ಅಲ್ಲಿದ್ದ ಯಾರೋ ಆ ಅಣ್ಣನಿಗೆ ಹೇಳಿಬಿಟ್ಟಿದ್ದರು. ಅವರು ನನ್ನ ಪಕ್ಕದ ಬೆಂಚಿಗೆ ಬಂದು ಕೂತರು.

"ಮರದ ಕೆಳಗೆ ಕಾಲು ಆಡಿಸ್ತಿದ್ದ ಕಣಮ್ಮ. ನಾನು ಕೂರಿಸಿದ್ದಕ್ಕೇ ಹಿಂಗಾಯ್ತಾ?"

"ಇಲ್ಲಣ್ಣ, ಬಿದ್ದಾಗ್ಲೇ ಆಗಿರುತ್ತೆ" ಎಂದೆ.

ಅದು ನಿಜವೋ ಸುಳ್ಳೋ ನನಗೆ ಇಂದಿಗೂ ಗೊತ್ತಿಲ್ಲ. ಅವರು ನಂಬಲಿಲ್ಲ ಎಂಬುದಷ್ಟೇ ಗೊತ್ತು. ಆಂಬುಲೆನ್ಸಿನಲ್ಲಿ ತಮ್ಮನೇ ಕೈ ಚಾಚಿದರೂ ಹಿಡಿಯಲು ಹೆದರಿ, ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಕೂತಿದ್ದರು.