ಕಂಪ್ಯೂಟರಿಗೆ ಕನ್ನಡ ಕಲಿಸಿದ್ದು

ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಕೀಬೋರ್ಡೊಂದು ಸಿಕ್ಕಿತು. ಬಾಗಿಲಲ್ಲಿ ಗುಜರಿಯವನು ಕಾಯುತ್ತಿದ್ದ. ಕೊಡುವ ಮುನ್ನ ಬೋರಲು ಹಾಕಿ ತಟ್ಟಿದರೆ ನನ್ನ ಬಿಳಿ ಸೀರೆಯ ಮೇಲೆ ಕೆಂಪು ಧೂಳು ಉದುರಿತು. ನೀವು ಹೊಸಪೇಟೆಯವರಾಗಿದ್ದರೆ ಆ ಧೂಳಿನ ಪರಿಚಯ ಬೇಕಿಲ್ಲ. ಸಂಡೂರಿನಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಇಡ್ಲಿಯೂ ಕೊಂಚ ಕೆಂಪಗೇ ಇರುತ್ತಿತ್ತು.

ಆಗ ನಾನು ರಿಟೈರಾದ ಇಂಗ್ಲಿಷ್ ಟೀಚರ್. ಸಂಡೂರು ರಸ್ತೆಯ ಧರ್ಮಾರ್ಥ ದವಾಖಾನೆಯಲ್ಲಿ, ಸೋಶಿಯಲ್ ಸರ್ವಿಸ್ ಎಂಬ ಹೆಸರಿನಲ್ಲಿ, ದಿನಾ ಎರಡು ತಾಸು ಕುಳಿತು ಎಲ್ಲರ ಕೆಲಸದಲ್ಲೂ ಮೂಗು ತೂರಿಸುತ್ತಿದ್ದೆ. ಚೀಟಿ ಕೊಡುವ ಕಿಟಕಿಯಲ್ಲಿ ರುದ್ರಮ್ಮ ಇದ್ದಳು. ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಅತ್ತೆ ಮತ್ತು ಇಬ್ಬರು ಹೆಣ್ಣುಮಕ್ಕಳ ಊಟ ಆ ಕಿಟಕಿಯಿಂದಲೇ ಬರಬೇಕಿತ್ತು.

ಒಂದು ಮೈನಿಂಗ್ ಆಫೀಸು ತನಗೆ ಬೇಡವಾದ ಕಂಪ್ಯೂಟರನ್ನು ನಮಗೆ ದಾನ ಮಾಡಿತು. ಧೂಳೂ ಅವರದೇ, ದಾನವೂ ಅವರದೇ. ಅಲ್ಲಿನ ಇಂಜಿನಿಯರ್ ಬಂದು ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ ಹಾಕಿದರು. "ಮೆಷಿನ್ ಭಾಳ ಹಳೇದೈತ್ರಿ ಮೇಡಂ, ಮಿನಿಮಲ್ ಇನ್‌ಸ್ಟಾಲೇಶನ್ ಮಾಡೀನಿ." ಚಿತ್ರವಿಲ್ಲ, ಮೌಸಿಲ್ಲ, ಕಪ್ಪು ಪರದೆ, ಬಿಳಿ ಅಕ್ಷರ. ನನ್ನ ಕಾನ್ವೆಂಟ್ ಡಾರ್ಮಿಟರಿ ನೆನಪಾಯಿತು: ಒಂದು ಮಂಚ, ಒಂದು ಟ್ರಂಕು, ಉಳಿದದ್ದೆಲ್ಲ ಲಕ್ಷುರಿ.

ಪರದೆ ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ ಕೇಳುತ್ತಿತ್ತು: ಕಾರ್ಡಿನ ನಂಬರು, ವಯಸ್ಸು, ಊರು, ಕಾಯಿಲೆ. ಉತ್ತರಕ್ಕೆ ಅಂಕಿಯಷ್ಟೇ ಸಾಕು. ಕಂಪ್ಲಿಗೆ ಎರಡು, ಕುರೆಕುಪ್ಪಕ್ಕೆ ಮೂರು, ಕೆಮ್ಮಿಗೆ ಒಂದು. ಕೆಮ್ಮಿಗೇ ಯಾಕೆ ಒಂದು ಎಂದು ಯಾರೂ ಕೇಳಲಿಲ್ಲ. ದವಾಖಾನೆ ನಡೆಸುವ ಟ್ರಸ್ಟಿನ ಸೆಕ್ರೆಟರಿ, ಕಂಪ್ಲಿಯ ರೈಸ್‌ಮಿಲ್ ಮಾಲೀಕರು, ಹೇಳಿಬಿಟ್ಟರು: "ರುದ್ರಮ್ಮಗ ಇಂಗ್ಲಿಷ್ ಬರಂಗಿಲ್ಲ. ಸೋಮವಾರ ಬಂದು ನೋಡ್ತೀನಿ. ಆಗಲಿಲ್ಲಾಂದ್ರ ಇಂಗ್ಲಿಷ್ ಓದಿದ ಹುಡುಗೀನ್ನ ತಗೊಳ್ಳೂಣು."

ನನ್ನೊಳಗೆ ಅರವತ್ತು ವರ್ಷ ಮಲಗಿದ್ದ ಕನ್ನಡಾಭಿಮಾನ ಎದ್ದು ಕುಳಿತಿತು. ರುದ್ರಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಕಂಪ್ಯೂಟರಿಗೆ ಕನ್ನಡ ಬರಲಿ! ಇಂಜಿನಿಯರ್ ಆ ಪ್ರಶ್ನೆಗಳನ್ನು ಕನ್ನಡದಲ್ಲೂ ಬರೆದಿಟ್ಟಿದ್ದರು. ಸಿಸ್ಟಮ್ ಭಾಷೆ ಬದಲಿಸಿದರೆ ಅವೇ ಬರುತ್ತವೆ ಎಂದು ವಿಧಾನವನ್ನೂ ಕಾಗದದಲ್ಲಿ ಗೀಚಿ ಹೋಗಿದ್ದರು. ಸೋಮವಾರ ಬೆಳಿಗ್ಗೆ ಒಂದು ಫೈಲು ತೆರೆದು, en ಇದ್ದಲ್ಲಿ kn ಮಾಡಿದೆ. ನನ್ನನ್ನು ಇಂಗ್ಲಿಷಿಗೆ ತಿರುಗಿಸಲು ಕಾನ್ವೆಂಟಿನ ಸಿಸ್ಟರುಗಳಿಗೆ ಹತ್ತು ವರ್ಷ ಬೇಕಾಗಿತ್ತು. ನನಗೆ ಒಂದೇ ಅಕ್ಷರ ಸಾಕಾಯಿತು. ಆ ಜಂಬದಲ್ಲೇ ರೀಸ್ಟಾರ್ಟ್ ಮಾಡಿದೆ.

ಪರದೆ ತುಂಬ ಬಿಳಿ ಚೌಕಗಳು. ಭಾಷೆಯೇನೋ ಬದಲಾಗಿತ್ತು, ಅದನ್ನು ತೋರಿಸುವ ಅಕ್ಷರಗಳೇ ಆ ಮಿನಿಮಲ್ ಮೆಷಿನ್ನಿನಲ್ಲಿ ಇರಲಿಲ್ಲ. ಅದೇ ಫೈಲನ್ನು ಮತ್ತೆ ತೆರೆದು en ಮಾಡಿದ್ದರೆ ಸಾಕಿತ್ತು ಎಂದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ಹೊರಗೆ ಸೆಕ್ರೆಟರಿಯವರ ಜೀಪು ಬಂದು ನಿಂತ ಸದ್ದು.

"ಐ ಆಮ್ ಸೋ ಸಾರಿ, ರುದ್ರಮ್ಮ. ನಿನ್ನ ಕೆಲಸ ನಾನೇ ಕಳೆದೆ. ನೋಡು, ಒಂದಕ್ಷರ ಓದೋಕಾಗ್ತಿಲ್ಲ."

ರುದ್ರಮ್ಮ ಪರದೆ ನೋಡಿದಳು, ನನ್ನನ್ನು ನೋಡಿದಳು. "ನನಗ ಮೊದ್ಲಿಂದಾನೂ ಹಿಂಗ ಕಾಣ್ತಿತ್ತಲ್ರಿ ಮೇಡಮ್ಮಾರ. ಸ್ವಲ್ಪ ಸರೀರಿ."

ವಾರವಿಡೀ ನಾನು ಪ್ರಶ್ನೆಗಳನ್ನು ಓದಿ ಹೇಳುತ್ತಿದ್ದರೆ ಆಕೆ ಸಾಲುಗಳ ಜಾಗವನ್ನು ಮಾತ್ರ ನೋಡಿಟ್ಟುಕೊಂಡಿದ್ದಳು. "ಏ ಅಜ್ಜಾ, ಜಲ್ದಿ ಕಾರ್ಡ್ ಕೊಡು, ಆಮ್ಯಾಲ ಕೆಮ್ಮುವಂತಿ," ಎಂದು ಕಿಟಕಿಯಾಚೆಯ ಮುದುಕನಿಗೆ ಹೇಳಿದಳು. ಟಕ್, ಟಕ್. ಮುಂದಿನವರು.

ಸೆಕ್ರೆಟರಿಯವರು ಹಿಂದೆ ನಿಂತು ಚೌಕಗಳನ್ನು ಗೌರವದಿಂದ ನೋಡಿದರು. "ಇದ್ಯಾವ ಭಾಷೆ ಮೇಡಂ?"

ನಾನು ಇಂಜಿನಿಯರರ ಕಾಗದದಲ್ಲಿ ಉತ್ತರ ಹುಡುಕತೊಡಗಿದೆ. ರುದ್ರಮ್ಮ ತಿರುಗದೆಯೇ ಅಂದಳು, "ಕಂಪ್ಯೂಟರ್ ಭಾಷಿ ರೀ ಸಾಹುಕಾರ್ರ."

"ಭಾಳ ಮಸ್ತ್!" ಎಂದರು. ಇಂಗ್ಲಿಷ್ ಓದಿದ ಹುಡುಗಿಯ ಮಾತು ಮತ್ತೆ ಬರಲಿಲ್ಲ.

ವಾರದ ಮೇಲೆ ಬಂದ ಇಂಜಿನಿಯರ್, ಯಾವ ಭಾಷೆ ಇಡಲಿ ಎಂದು ಕೇಳಿದರು. "ಯಾವ್ದರ ಇಡ್ರಿ," ಅಂದಳು ರುದ್ರಮ್ಮ, "ಜಾಗ ಮಾತ್ರ ಅದಲು ಬದಲು ಮಾಡಬ್ಯಾಡ್ರಿ." ಕೊನೆಗೆ ಇಂಗ್ಲಿಷೇ ಆಯಿತು, ನನ್ನ ಸಲುವಾಗಿ.

ಆ ಕಂಪ್ಯೂಟರು ಕೆಟ್ಟ ಮೇಲೆ ನಾನು ಮನೆಗೆ ತಂದಿಟ್ಟಿದ್ದ ಕೀಬೋರ್ಡನ್ನು ಧೂಳು ಕೊಡವಿ ಗುಜರಿಯವನ ಕೈಗಿತ್ತೆ. ಅವನು ತಿರುಗಿಸಿ ನೋಡಿದ. "ಅಂಕಿ ಎಲ್ಲಾ ಸವದು ಹೋಗ್ಯಾವ. ಅಕ್ಷರ ಮಾತ್ರ ಹೊಸಾವು ಇದ್ದಂಗ ಅದಾವಲ್ರಿ ಅಮ್ಮಾ. ಯಾರೂ ಮುಟ್ಟೇ ಇಲ್ಲೇನು?"

"ಅಕ್ಷರ ಬಲ್ಲವರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರಪ್ಪಾ," ಎಂದು ಹೇಳಿ ಅದನ್ನು ವಾಪಸ್ ತೆಗೆದುಕೊಂಡೆ.