ಅನಂತರಾಜು ಉಜ್ಜಿದ ಅರ್ಧ ಮಿಲಿಮೀಟರು

ಕೊಡಿಗೇಹಳ್ಳಿಯ ಅನಂತರಾಜುವನ್ನು ಹೊಗಳದಿದ್ದರೂ ನಡೆಯುತ್ತದೆ, ಅವನೆದುರು ಇನ್ನೊಬ್ಬರನ್ನು ಹೊಗಳಬಾರದು. ಅದೊಂದೇ ಅವನ ಕಾಯಿಲೆ. ಅಣ್ಣತಮ್ಮಂದಿರೆಲ್ಲ ತಮ್ಮ ಸೈಟಿನಲ್ಲಿ ಬಾಡಿಗೆ ಮನೆ ಎಬ್ಬಿಸಿದರೆ, ಈ ಪುಣ್ಯಾತ್ಮ ತನ್ನ ಪಾಲಿನಲ್ಲಿ ಶೆಡ್ ಹಾಕಿ ಲೇತ್ ತಂದಿಟ್ಟ. ಇಪ್ಪತ್ತು ವರ್ಷದಿಂದ ರೇಸ್ ಕಾರುಗಳಿಗೆ ಹಗುರ ಚಕ್ರ ಮಾಡುತ್ತಿದ್ದಾನೆ. ಅಲ್ಯೂಮಿನಿಯಂ ಕೊರೆದ ಮೇಲೆ ಸ್ಪೋಕುಗಳ ಬೆನ್ನನ್ನು ಅರ ಹಿಡಿದು ಕೈಯಾರೆ ಉಜ್ಜುತ್ತಾನೆ. ಸ್ಪೋಕಿನ ಬುಡದಲ್ಲಿ ಮಾತ್ರ ಆರು ಮಿಲಿಮೀಟರು ದಪ್ಪ ಬಿಡಲೇಬೇಕು. ಅದಕ್ಕಿಂತ ತೆಳುವಾದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಒಡೆದೀತು ಎಂದು ಅವನೇ ಹಾಕಿಕೊಂಡ ಕಟ್ಟು ಅದು.

ಈ ಸಲ ಯಲಹಂಕದ ರೇಸ್ ಹುಡುಗಿ ಮೋನಿಷಾ ಚೆನ್ನೈ ರೇಸಿಗೆಂದು ನಾಲ್ಕು ಚಕ್ರ ಮಾಡಲು ಹೇಳಿದ್ದಳು. ಅವಳ ಮೆಕ್ಯಾನಿಕ್ ಸುನೀಲ್ ಶೆಡ್ಡಿಗೆ ಬಂದವನು ಬಾಯಿ ಮುಚ್ಚಿಕೊಂಡು ಇರಬಾರದೇ? “ಇನ್ನೊಂದು ಶಾಪಿಂದು ನಿಮ್ದಕ್ಕಿಂತ ನೂರು ಗ್ರಾಂ ಕಮ್ಮಿ ಇದೆ ಗುರು” ಅಂದುಬಿಟ್ಟ. ಮುಗಿಯಿತು ಕಥೆ. ಅನಂತರಾಜು ಆ ಬುಡದಲ್ಲೂ ಅರ್ಧ ಮಿಲಿಮೀಟರು ಉಜ್ಜಿದ. ತೂಕ ನೋಡಿ, ಮೀಸೆ ತಿರುವಿ, ಚಕ್ರ ಕಳಿಸಿದ.

ಕಳಿಸಿದ ರಾತ್ರಿ ಊಟಕ್ಕೆ ಕೂತಾಗ, ಚೆನ್ನೈ ಟ್ರ್ಯಾಕಿನ ಮೊದಲ ತಿರುವಿನಲ್ಲಿ ಮೋನಿಷಾ ಬ್ರೇಕ್ ಒತ್ತುವುದು ಕಣ್ಣಿಗೆ ಕಟ್ಟಿತು. ಅವನಿಗೆ ನಿಜಕ್ಕೂ ಭಯವಾಯಿತು. ಭಯಕ್ಕಿಂತ ನಾಚಿಕೆ ಹೆಚ್ಚಾಯಿತು.

ಬೆಳಿಗ್ಗೆ ಎಂಟಕ್ಕೆಲ್ಲ ಯಲಹಂಕದ ಗ್ಯಾರೇಜಿಗೆ ಹೋದ. ಕಾರು ಆಗಲೇ ಚೆನ್ನೈ ಲಾರಿ ಏರಿತ್ತು. ಇನ್ನೂ ಟೈರು ಹಾಕದ ಹೊಸ ಚಕ್ರಗಳು ಪಕ್ಕದ ಬೆಂಚಿನ ಮೇಲಿದ್ದವು.

“ಇವು ಬೇಡ ಕಣಮ್ಮ. ನನ್ ಜಂಬಕ್ಕೆ ಬುಡ ತೆಳು ಮಾಡ್ಬಿಟ್ಟಿದೀನಿ. ಹಳೇವು ಹಾಕ್ಕೊಂಡೇ ಓಡ್ಸು” ಅಂತ ಮೋನಿಷಾಗೆ ಅಂದ.

ಸುನೀಲ್ ನಕ್ಕ. “ಒಂದೇ ರೇಸ್ ಅಲ್ವಾ, ತಡ್ಕೊಳುತ್ತೆ ಬಿಡಿ.”

ಮೋನಿಷಾ ನಗಲಿಲ್ಲ. ಹಳೆಯ ಭಾರದ ಚಕ್ರ ಹಾಕಿದರೆ ಈ ಸಲ ಗೆಲ್ಲುವ ಆಸೆ ಬಿಟ್ಟ ಹಾಗೆಯೇ. “ಒಡೆಯುತ್ತೆ ಅಂತ ಗ್ಯಾರಂಟಿನಾ ಅಂಕಲ್?” ಎಂದು ಕೇಳಿದಳು.

ಒಡೆಯಲ್ಲ ಅಂದಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು, ಹುಡುಗಿಯ ಮುಖವೂ ಅರಳುತ್ತಿತ್ತು. ಬಹುಶಃ ಚಕ್ರವೂ ಒಡೆಯುತ್ತಿರಲಿಲ್ಲ. ಇನ್ನೆರಡು ಮಾತು ಕೇಳಿದರೆ ತಾನೇ ಹೂಂ, ಇವನ್ನೇ ಹಾಕ್ಕೋ ಅಂದುಬಿಡುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಗೋಡೆಗೆ ನೇತುಹಾಕಿದ್ದ ಹ್ಯಾಕ್ಸಾ ಗರಗಸ ತೆಗೆದುಕೊಂಡು, ಮೊದಲ ಚಕ್ರದ ಸ್ಪೋಕಿನ ಮೇಲೆ ಇಟ್ಟ.

“ಗೊತ್ತಿಲ್ಲ ಕಣಮ್ಮ” ಅಂದ. “ಗೊತ್ತಿಲ್ದೇ ಇರೋ ಚಕ್ರ ಇದುವರ್ಗೂ ನಾನು ಯಾರಿಗೂ ಕೊಟ್ಟಿರ್ಲಿಲ್ಲ.”

ಮೂರು ವಾರದ ಕೆಲಸ. ನಾಲ್ಕನ್ನೂ ಕೊಯ್ದು ಮುಗಿಸಿದ. ಆಮೇಲೆ ಮೋನಿಷಾನೇ ಹಳೆಯ ಚಕ್ರಗಳನ್ನು ತರಲು ಒಳಗೆ ಹೋದಳು.